ಬಾಗಿಲ ಕಾವಲುಗಾರರು

ನಮ್ಮ ಪಾಠಶಾಲೆಯಲ್ಲಿ ಓದಿ ಕೊಟ್ಟೂರಿನ ಕಡೆಗೆ ಮದುವೆಯಾಗಿ ಹೋಗಿದ್ದ ಒಬ್ಬಾಕೆಯು 2016ರಲ್ಲಿ ನಮ್ಮನ್ನು ಕಾಣಬಂದಳು. ಹೊರಡುವ ಹೊತ್ತಿಗೆ ತಲೆತಗ್ಗಿಸಿ, ತನ್ನ ಸ್ತನದಲ್ಲಿ ಒಂದು ಗಂಟು ಇರುವದೆಂದೂ ಅದು ಎಂಟು ತಿಂಗಳಿಂದ ಬೆಳೆಯುತ್ತಲಿರುವದೆಂದೂ ಹೇಳಿದಳು. ಇಷ್ಟು ದಿನ ಮರೆಮಾಡಿದ್ದು ಯಾಕೆಂದು ಕೇಳಲು, “ಇಂಥ ಮಾತು ಆಡಬಾರದೆಂದು ತಾವೇ ಕಲಿಸಿದ್ದಿರಲ್ಲಾ, ಟೀಚರಮ್ಮಾ” ಅಂದಳು. ಅದು ನಿಜವಾಗಿತ್ತು. ಎಲುಬುಗಳ ಲೆಕ್ಕವನ್ನು ಬಾಯಿಪಾಠ ಮಾಡಿಸಿ, ಸ್ತ್ರೀಶರೀರದ ಪಾಠವನ್ನು ಹಾರಿಸಿ ಮುಂದಕ್ಕೆ ಹೋದವರು ನಾವೇ.

ಬೆಂಗಳೂರಿನ ಆಸ್ಪತ್ರೆಗೆ ಆಕೆಯ ಸಂಗಡ ಹೋದೆವು. ವೈದ್ಯರು ಗಂಟಿನ ಚೂರನ್ನು ತೆಗೆದು ಪರೀಕ್ಷಿಸಿ, ಇದು ಏಡಿಗಂತಿಯೆಂತಲೂ ಹರ್-2 ಎಂಬ ಗ್ರಾಹಕವು ಅದರಲ್ಲಿ ಹೆಚ್ಚಾಗಿರುವದೆಂತಲೂ ತಿಳಿಸಿದರು. ಗ್ರಾಹಕವೆಂದರೇನೆಂದು ನಾವು ಅಂದು ಕಲಿತದ್ದನ್ನು ಇಲ್ಲಿ ಬರೆಯುತ್ತೇವೆ.

ಶರೀರದ ಒಂದೊಂದು ಜೀವಕೋಶವು ಒಂದು ಮನೆಯಂತಿರುವದು. ಅದರ ಹೊರಮೈಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳು ಬಾಗಿಲ ಕಾವಲುಗಾರರಂತೆ ನಿಂತಿರುವವು. ಹೊರಗಿನಿಂದ ವೃದ್ಧಿಕಾರಕ ದ್ರವ್ಯವು ಬಂದು ತಗಲಿದರೆ, ಕಾವಲುಗಾರರಿಬ್ಬರು ಜೊತೆಗೂಡಿ “ಬೆಳೆ” ಎಂಬ ಆಜ್ಞೆಯನ್ನು ಒಳಗೆ ಮುಟ್ಟಿಸುವರು. ಕೋಶವು ಒಡೆದು ಎರಡಾಗುವದು. ಎಳೆಯ ಇಲಿಮರಿಗಳು ವೇಳೆಗೆ ಮುಂಚೆ ಕಣ್ಣು ತೆರೆದದ್ದನ್ನು ನೋಡಿ ಇಂಥ ಒಂದು ದ್ರವ್ಯವನ್ನು ಕಂಡುಹಿಡಿದ ಸ್ಟ್ಯಾನ್ಲಿ ಕೋಹೆನರು 1986ರಲ್ಲಿ ನೊಬೆಲ್ ಬಹುಮಾನಕ್ಕೆ ಪಾಲುಗಾರರಾದರು.

ಸ್ತನದ ಏಡಿಗಂತಿಗಳಲ್ಲಿ ನೂರಕ್ಕೆ ಸುಮಾರು 15ರಿಂದ 20ರಲ್ಲಿ ಹರ್-2 ಕಾವಲುಗಾರರು ಮಿತಿಮೀರಿ ಹುಟ್ಟಿಕೊಳ್ಳುವರು. ದಟ್ಟಣೆಯಲ್ಲಿ ಒಬ್ಬರಿಗೊಬ್ಬರು ತಾಗಿ, ಹೊರಗಿನ ಕರೆ ಇಲ್ಲದಿದ್ದರೂ “ಬೆಳೆ, ಬೆಳೆ” ಎಂದು ಒಳಗೆ ಕೂಗುತ್ತಲೇ ಇರುವರು. ಇಂಥ ರೋಗವು ಬೇಗನೆ ಮರುಕಳಿಸುವದೆಂದು ಅಮೆರಿಕದ ಡೆನಿಸ್ ಸ್ಲೇಮನ್‌ರೂ ಅವರ ಸಂಗಡಿಗರೂ 1987ರಲ್ಲಿ ತೋರಿಸಿದರು. ಆ ಕಾವಲುಗಾರನನ್ನೇ ಹಿಡಿದು ಕೂಗನ್ನು ಅಡಗಿಸುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಕ್ಕೆ 1998ರಲ್ಲಿ ಆ ದೇಶದಲ್ಲಿ ಅನುಮತಿ ದೊರೆಯಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ತಾನೇ ತಯಾರಿಸಿದ ಇದೇ ಬಗೆಯ ಔಷಧವನ್ನು ನಮ್ಮ ದೇಶದಲ್ಲಿ ಮಾರಾಟಕ್ಕೆ ತಂದಿತು. ಆದರೆ ಹರ್-2 ಹೆಚ್ಚಿಲ್ಲದ ಗಂಟಿಗೆ ಈ ಚಿಕಿತ್ಸೆಯು ಸಲ್ಲದು. ಆದದರಿಂದ ಗ್ರಾಹಕದ ಪರೀಕ್ಷೆಯು ಮೊದಲು ಆಗತಕ್ಕದ್ದು. ರೋಗಿಯು ಬಾಯಿಬಿಟ್ಟು ಹೇಳದೆ ಆ ಪರೀಕ್ಷೆಯಾದರೂ ಹೇಗೆ ಆದೀತು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಪ್ರಿಯ ಕನ್ಯೆಯರೇ, ತಾಯಂದಿರೇ, ಗಂಟುಗಳೆಲ್ಲಾ ಏಡಿಗಂತಿಯಲ್ಲ, ಹೆಚ್ಚಿನವು ನಿರಪಾಯವಾದವುಗಳೇ. ಆದರೆ ಯಾವದು ಎಂಥದೆಂಬದನ್ನು ನಾಚಿಕೆಯು ತಿಳಿಸಲಾರದು, ವೈದ್ಯರು ತಿಳಿಸುವರು. ಶರೀರವು ದೇವರ ಆಲಯವೆಂದು ನಿಮಗೆ ಕಲಿಸಿದ ನಾವು, ಆ ಆಲಯದ ವಿಷಯವಾಗಿ ಮಾತಾಡುವದು ಪಾಪವಲ್ಲವೆಂಬದನ್ನು ತಡವಾಗಿ ಕಲಿತೆವು. ಈಗ ಆ ಪಾಠವನ್ನು ಹಾರಿಸುವದಿಲ್ಲ.

ನಮ್ಮ ಆ ವಿದ್ಯಾರ್ಥಿನಿಯು ಶಸ್ತ್ರಚಿಕಿತ್ಸೆಯನ್ನೂ ಒಂದು ವರುಷದ ಔಷಧವನ್ನೂ ಪೂರೈಸಿದಳು. ಕರ್ತನ ಕೃಪೆಯಿಂದ ಈ ವರುಷ ತಾನೇ ಬಂದು ಮಗಳನ್ನು ನಮ್ಮ ಎಂಟನೆಯ ತರಗತಿಗೆ ಸೇರಿಸಿ ಹೋಗಿದ್ದಾಳೆ.