ಅಮ್ಮನ ಚಿರೋಟಿ, ನನ್ನ ಫಿಲೋ

ಕೈನೋವು ಶುರುವಾದ ಮೇಲೆ ಅಮ್ಮ ಚಿರೋಟಿ ಲಟ್ಟಿಸೋದನ್ನೇ ಬಿಟ್ಟಿದ್ದಳು. ಈ ಮಾವಿನ ಸೀಸನ್‌ನಲ್ಲಿ ಬೆಂಗಳೂರಿನಿಂದ ಫಿಲೋ ಹಾಳೆಗಳ ಫ್ರೋಜನ್ ಪ್ಯಾಕೆಟ್ ಹಿಡಿದು ಶ್ರೀನಿವಾಸಪುರಕ್ಕೆ ಹೋದೆ. ಮೈದಾದ್ದೇ, ಕಾಗದದಷ್ಟು ತೆಳು ಹಾಳೆ. ಲಟ್ಟಿಸೋ ಕೆಲಸವೇ ಇಲ್ಲ. ಬಿಚ್ಚಿಟ್ಟ ಐದೇ ನಿಮಿಷಕ್ಕೆ ಅಂಚು ಒಣಗಿ ಪುಡಿಯಾಯ್ತು.

“ಒದ್ದೆ ಬಟ್ಟೆ ಮುಚ್ಚೋ, ಚಿರೋಟಿ ಹಿಟ್ಟಿಗೂ ಹಾಗೇ ಮಾಡ್ತಿದ್ದೆ” ಅಂದಳು ಅಮ್ಮ.

ನಾಲ್ಕು ಹಾಳೆಗೆ ಒಂದೊಂದಾಗಿ ತುಪ್ಪ ಸವರಿದ್ದು ಅವಳೇ. ನಾನು ಚೌಕವಾಗಿ ಕತ್ತರಿಸಿ, ಕಪ್‌ಕೇಕ್ ಅಚ್ಚಿಗೆ ಒತ್ತಿ, 180 ಡಿಗ್ರಿ ಓವನ್‌ನಲ್ಲಿ ಹೊಂಬಣ್ಣ ಬರೋವರೆಗೆ, ಸುಮಾರು 10 ನಿಮಿಷ ಇಟ್ಟೆ. ಆರಿದ ಮೇಲೆ ಗಟ್ಟಿ ಕೆನೆ, ಬಾದಾಮಿ ಮಾವಿನ ಹೋಳು. ಮೊದಲೇ ತುಂಬಿಟ್ಟರೆ ಮೆತ್ತಗಾಗುತ್ತೆ, ಬಡಿಸುವಾಗಲೇ ತುಂಬಿ.

“ಚಿರೋಟಿ ಅಲ್ಲ ಬಿಡು” ಅನ್ನುತ್ತಲೇ ಇನ್ನೊಂದು ತಗೊಂಡಳು. ಯುಗಾದಿಗೆ ನಿಜವಾದ ಚಿರೋಟಿ ಮಾಡೋಣ ಅಂತ ಮಾತಾಗಿದೆ. ಲಟ್ಟಣಿಗೆ ನನ್ನ ಕೈಗೆ, ಹದ ಹೇಳೋದು ಅವಳು.