ಒಬ್ಬಳೇ, ಸೈಕಲ್ ಮೇಲೆ – ಭಾಗ 2: "ಫ್ರೆಂಡ್ಸ್ ಹಿಂದೆ ಬರ್ತಿದ್ದಾರೆ"

ನಿನ್ನೆ ಹಾಕಿದ ಮರವಂತೆ ಫೋಟೋಗೆ ಅಷ್ಟೊಂದು ಹಾರ್ಟ್ ಕೊಟ್ರಲ್ಲ, ಥ್ಯಾಂಕ್ಸ್. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಮಧ್ಯೆ ನನ್ನ ಸೆಕೆಂಡ್ ಹ್ಯಾಂಡ್ ಸೈಕಲ್. ಫೋಟೋದಲ್ಲಿ ಕಾಣದೇ ಇರೋದನ್ನ ಇವತ್ತು ಬರೀತೀನಿ.

ಮಂಗಳೂರಿಂದ ಕಾರವಾರಕ್ಕೆ ಎನ್‌ಎಚ್ 66ರಲ್ಲಿ ಸುಮಾರು 270 ಕಿ.ಮೀ., ನಾಲ್ಕು ದಿನ. "ಕಾಲು ನೋಯಲ್ವಾ?" ಅಂತ ಎಷ್ಟು ಜನ ಡಿಎಂ ಮಾಡಿದ್ರಿ! ಕಾಲಿಗೇನೂ ಆಗಲ್ಲ ಮಾರಾಯ್ರೇ. ನೋಯೋದು ಕೂರೋ ಜಾಗ. ಆಮೇಲೆ ಹ್ಯಾಂಡಲ್ ಮೇಲೆ ಭಾರ ಬಿಟ್ಟು ಬಿಟ್ಟು ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತೆ. ರಾತ್ರಿ ಖರ್ಚು ಬರೆಯೋಕೆ ಕೂತ್ರೆ ಪೆನ್ನು ಜಾರುತ್ತೆ. (ಬಿಕಾಂ ಓದ್ತಾ ಇದ್ದೂ ಮೊದಲ ದಿನವೇ 40 ರೂಪಾಯಿ ಟ್ಯಾಲಿ ಆಗ್ಲಿಲ್ಲ, ಅದು ಬೇರೆ ಕತೆ.) ಹುಡುಗೀರೇ, ಇನ್ನೊಂದು. ಟಾಯ್ಲೆಟ್ ಎಲ್ಲಿ ಸಿಗುತ್ತೋ ಅನ್ನೋ ಭಯಕ್ಕೆ ಬೆಳಗ್ಗೆಯಿಂದ ನಾನು ನೀರೇ ಕುಡಿದಿರಲಿಲ್ಲ. ಕುಂದಾಪುರ ದಾಟೋ ಹೊತ್ತಿಗೆ ತಲೆ ಸಿಡೀತಿತ್ತು. ಹಾಗೆ ಮಾಡ್ಬೇಡಿ. ಪೆಟ್ರೋಲ್ ಬಂಕಲ್ಲಿ ನಾಚಿಕೆ ಬಿಟ್ಟು ಕೇಳಿ.

ಆದ್ರೆ ಎಲ್ಲಕ್ಕಿಂತ ಸುಸ್ತು ಮಾಡಿದ್ದು ಒಂದೇ ಪ್ರಶ್ನೆ: "ಒಬ್ಳೇನಾ?" ಟೀ ಅಂಗಡೀಲಿ, ಬಸ್‌ಸ್ಟ್ಯಾಂಡಲ್ಲಿ, ಪಕ್ಕಕ್ಕೆ ಬಂದು ಸ್ಲೋ ಮಾಡೋ ಬೈಕಿನವರು. ಎಲ್ಲರಿಗೂ ನನ್ನದು ಒಂದೇ ಉತ್ತರ. "ಫ್ರೆಂಡ್ಸ್ ಹಿಂದೆ ಬರ್ತಿದ್ದಾರೆ." ಒಂದ್ಸಲ ಹಿಂದೆ ತಿರುಗಿ ಕೈ ಬೀಸಿದ್ದೂ ಉಂಟು. ಖಾಲಿ ರಸ್ತೆಗೆ.

ಮರವಂತೆ ದಾಟಿ ಒಂದು ಚಿಕ್ಕ ಹೋಟೆಲ್. ಅಲ್ಲೂ ಅದೇ ಹೇಳ್ದೆ. ನೀರ್‌ದೋಸೆ ತಿಂದು ಏಳುವಾಗ ನೋಡ್ತೀನಿ, ಹೋಟೆಲ್ ಅಕ್ಕ ಇನ್ನೆರಡು ಪ್ಲೇಟ್ ದೋಸೆ ಮಾಡಿ ಮುಚ್ಚಿಟ್ಟು ಬಾಗಿಲಲ್ಲಿ ನಿಂತು ರಸ್ತೆ ನೋಡ್ತಿದ್ದಾರೆ. "ಇನ್ನೂ ಬರ್ಲಿಲ್ಲಲ್ಲ ಮಗಾ, ಪಂಚರ್ ಏನಾದ್ರೂ ಆಯ್ತಾ?"

ಇನ್ನೊಂದು ಸುಳ್ಳು ಹೇಳಿ ಹೊರಡಬಹುದಿತ್ತು. ಆಗ್ಲಿಲ್ಲ. "ಯಾರೂ ಇಲ್ಲ ಅಕ್ಕ, ನಾನೊಬ್ಳೇ" ಅಂದೆ. ಬೈತಾರೆ ಅಂದ್ಕೊಂಡೆ. "ಮುಂದೆ ಕೇಳ್ದೋರಿಗೆಲ್ಲ ಹಾಂಗೇ ಹೇಳು. ನಂಗೆ ಹೇಳ್ಬೇಡ" ಅಂತ ಆ ದೋಸೆ ಬಾಳೆಲೆಯಲ್ಲಿ ಕಟ್ಟಿಕೊಟ್ರು. ದುಡ್ಡು ಮಾತ್ರ ಒಂದು ಪ್ಲೇಟಿಂದೇ ತಗೊಂಡ್ರು.

ನಿಜ ಹೇಳ್ಬೇಕಂದ್ರೆ ಅಮ್ಮನಿಗೂ ನಾನು ಇದೇ ಸುಳ್ಳು ಹೇಳಿ ಹೊರಟಿದ್ದೆ. ಇಬ್ಬರು ಕ್ಲಾಸ್‌ಮೇಟ್ಸ್ ಜೊತೆ ಅಂತ. (ಯಾರ ಹೆಸರು ಹೇಳಿದ್ದೆ ಅಂತ ನಿಮಗಿಬ್ರಿಗೂ ಗೊತ್ತು, ಸಾರಿ!) ಭಟ್ಕಳದಲ್ಲಿ ರೂಮಿನ ಚಿಲಕ ಹಾಕಿ, ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು, ಫೋನ್ ಮಾಡಿ ಹೇಳಿಬಿಟ್ಟೆ. ಆ ಕಡೆ ಮಿಕ್ಸಿ ಸದ್ದು ನಿಂತಿತು.

"ನಂಗೆ ಗೊತ್ತಿತ್ತು" ಅಂದ್ರು ಅಮ್ಮ. "ನೀ ಕಳಿಸಿದ ಫೋಟೋದಲ್ಲೆಲ್ಲ ಒಂದೇ ಸೈಕಲ್."

ಆಮೇಲೆ ಅರ್ಧ ಗಂಟೆ ಬೈದ್ರು. ಈಗ ಅವರಿಗೆ ಗಂಟೆಗೊಂದು ಲೊಕೇಶನ್ ಹೋಗ್ತಿದೆ. ನಿಮಗೆ ಮಾತ್ರ ಒಂದು ದಿನ ತಡವಾಗಿ, ಬೇಜಾರಾಗ್ಬೇಡಿ. ಭಾಗ 3ರಲ್ಲಿ ಹೊನ್ನಾವರದ ಶರಾವತಿ ಸೇತುವೆ, ಎದುರುಗಾಳಿ.