ಮೇಷ್ಟ್ರ ಗಾದೆ ಡಬ್ಬ

ಮೇಷ್ಟ್ರು ಮೂವತ್ತು ವರ್ಷ ಗಾದೆಗಳನ್ನು ಚೀಟಿಗಳಲ್ಲಿ ಬರೆದು ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿಸಿಟ್ಟಿದ್ದರು. 1996ರಲ್ಲಿ ವಿಶ್ವವಿದ್ಯಾಲಯದ ಸಂಶೋಧನಾ ಅನುದಾನ ಮಂಜೂರಾಯಿತು. ಮೂರು ಕೊಟೇಶನ್, ಒಂದು ಮಳೆಗಾಲ ಕಳೆದ ಮೇಲೆ ಕಂಪ್ಯೂಟರ್ ಬಂತು. ಚಪ್ಪಲಿ ಹೊರಗೆ ಬಿಟ್ಟು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಎರಡು ವರ್ಷದಲ್ಲಿ ಅಷ್ಟನ್ನೂ ಅದರೊಳಗೆ ಸೇರಿಸಿದರು.

ನಿವೃತ್ತಿಯ ದಿನ ದಾಸ್ತಾನು ಪುಸ್ತಕ ಬಂತು. ಅನುದಾನದಲ್ಲಿ ಕೊಂಡದ್ದು ಸಂಸ್ಥೆಯ ಸ್ವತ್ತು. ಮೇಷ್ಟ್ರು ಸಹಿ ಹಾಕಿ ಒಪ್ಪಿಸಿದರು. ಕೈಯಲ್ಲಿ ಉಳಿದದ್ದು 1.44 ಎಂಬಿಯ ಐದು ಫ್ಲಾಪಿ. ಆಗಿನ ಕನ್ನಡ ತಂತ್ರಾಂಶಗಳದ್ದು ಒಂದೊಂದರದೂ ಒಂದೊಂದು ಸಂಕೇತ. ಇವತ್ತು ಮನೆಯಲ್ಲಿ ಫ್ಲಾಪಿ ಹಾಕುವ ಯಂತ್ರವಿಲ್ಲ, ಆ ಫಾಂಟೂ ಇಲ್ಲ. ಯಂತ್ರಕ್ಕೆ ಹಣವಿತ್ತು, ಅದರೊಳಗಿನ ದುಡಿಮೆಯನ್ನು ಉಳಿಸಲು ಇರಲಿಲ್ಲ.

ಮೊನ್ನೆ ಮೊಮ್ಮಗಳು ಡಬ್ಬದ ಮುಚ್ಚಳ ತೆಗೆದಳು. ಚೀಟಿಗಳು ಹಳದಿಯಾಗಿದ್ದವು. ಮೊದಲನೆಯದನ್ನು ಅವಳು ತಡವರಿಸದೆ ಓದಿದಳು.